ಎಣ್ಣಿಗಿರಣಿ ಸ್ಟಾಪಿನ ಹತ್ತೊಂಬತ್ತು ಸೆಕೆಂಡು

ಆ ವರ್ಷ ಮೃಗಶಿರಾ ಮಳೆ ಬಂದಂತೆ ಮಾಡಿ ಹೋಗಿತ್ತು. ಆರಿದ್ರಾ ಹಿಡಿದ ಮೂರನೆಯ ದಿನ, ಬೆಳಗಿನ ಏಳೂ ಇಪ್ಪತ್ತೆರಡಕ್ಕೆ, ಕಂಟ್ರೋಲ್ ರೂಮಿನ ಗೋಡೆಯ ಪರದೆಯ ಮೇಲೆ ಎಣ್ಣಿಗಿರಣಿ ಸ್ಟಾಪಿನ ಚುಕ್ಕೆ ಕೆಂಪಗಾಯಿತು. ಎಲ್ಲ ಶುರುವಾದದ್ದು ಅಲ್ಲಿಂದ.

ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು ನಾನು. ಓದಿದ್ದು ನಾಲ್ಕನೆಯ ಇಯತ್ತೆ. ಅಂಥವನನ್ನು ಆ ತಂಪು ಕೋಣೆಯೊಳಗೆ ಕೂಡಿಸಿದ್ದಕ್ಕೆ ಕಾರಣವಿತ್ತು. ಊರಿಗೆಲ್ಲ ಹೊಸ ಸಿಗ್ನಲ್ ಬಂದಿದ್ದವು. ಯಂತ್ರ ತೋರಿಸುವುದು ಯಂತ್ರ ಕಟ್ಟಿದವರಿಗೇ ಕೆಲವು ಸಲ ತಿಳಿಯುತ್ತಿರಲಿಲ್ಲ. ರಸ್ತೆ ತಿಳಿದವನೊಬ್ಬ ಪಕ್ಕದಲ್ಲಿರಲಿ ಎಂದು ಡಿಪೋದಲ್ಲಿ ಕೇಳಿದಾಗ ಅಲ್ಲಿಯವರು ನನ್ನ ಹೆಸರು ಹೇಳಿದ್ದರು.

ಸಿಗ್ನಲ್ಲಿನ ಕೆಲಸ ತಿಳಿಯದಂಥದ್ದೇನಲ್ಲ. ಪ್ರತಿ ಬಸ್ಸಿನಲ್ಲೂ ಒಂದು ಡಬ್ಬಿ ಇರುತ್ತದೆ. ಅದು ಮುಂದಿನ ಸಿಗ್ನಲ್ ಕಂಬದ ಡಬ್ಬಿಗೆ ಮೂರೇ ಮಾತು ಹೇಳುತ್ತದೆ: ಎಲ್ಲಿದ್ದೇನೆ, ಎಷ್ಟು ತಡವಾಗಿದ್ದೇನೆ, ನನ್ನೊಳಗೆ ಎಷ್ಟು ಮಂದಿ ಇದ್ದಾರೆ. ಸ್ಟಾಪಿನಲ್ಲಿ ಬಾಗಿಲು ಮುಚ್ಚಿತೆಂದರೆ "ಹೊರಟೆ" ಎಂದು ಕೂಗಿದಂತೆ. ಆಗ ಸಿಗ್ನಲ್ಲು ಹಸಿರಿದ್ದರೆ ಇನ್ನಿಷ್ಟು ಹೊತ್ತು ಹಿಡಿದಿಡುತ್ತದೆ, ಕೆಂಪಿದ್ದರೆ ಬೇಗ ಮುಗಿಸುತ್ತದೆ. ಒಂದು ಕಾರಿನಲ್ಲಿ ಒಬ್ಬ, ಒಂದು ಬಸ್ಸಿನಲ್ಲಿ ಅರವತ್ತು ಮಂದಿ. ದಾರಿ ಯಾರದು ಎಂದು ಕೇಳಿದರೆ ನಾನೂ ಅದನ್ನೇ ಹೇಳುತ್ತಿದ್ದೆ. ನನ್ನ ಕಾಲದಲ್ಲಿ ಕೇಳುವವರಿರಲಿಲ್ಲ, ಅಷ್ಟೆ.

ಆ ಯಂತ್ರಕ್ಕೆ ಯಜಮಾನಿ ನಸ್ರೀನ್ ಕಿಲ್ಲೇದಾರ ಎಂಬ ಎಂಜಿನಿಯರು. ಮೂವತ್ತೈದರ ಒಳಗಿನ ವಯಸ್ಸು. ಊಟದ ಡಬ್ಬಿ ಬಿಚ್ಚಿದರೂ ಕಣ್ಣು ಪರದೆಯ ಮೇಲೇ. ನನ್ನನ್ನು ಕಾಕಾ ಎನ್ನುತ್ತಿದ್ದಳು. ಮೊದಲ ವಾರ ಒಂದು ಹಳ್ಳಿ ಕಡೆಯ ಬಸ್ಸು ನಸುಕಿನಲ್ಲಿ ತೊಂಬತ್ತನಾಲ್ಕು ಮಂದಿಯನ್ನು ಹೊತ್ತು ಬರುತ್ತಿದೆ ಎಂದು ಗಾಬರಿಯಾಗಿದ್ದಳು. ಆ ಡಬ್ಬಿ ಮಂದಿಯನ್ನು ತಲೆ ನೋಡಿ ಎಣಿಸುವುದಿಲ್ಲ, ಬಸ್ಸಿನ ಭಾರ ನೋಡಿ ಎಣಿಸುತ್ತದೆ. ನಾನು ಹೇಳಿದೆ, "ಮೇಡಂರೀ, ಆ ತೊಂಬತ್ನಾಕರಾಗ ಅರ್ಧಾ ಮಂದಿ ಬದನಿಕಾಯಿ. ಅದು ಸಂತಿ ಬಸ್ಸು."

ಅವಳು ತಲೆಯ ಮೇಲೆ ಕೈ ಇಟ್ಟುಕೊಂಡು ನಕ್ಕಿದ್ದಳು. "ಬದನಿಕಾಯಿಗೆ ಹಸಿರು ಕೊಟ್ಟು ಮನಿಷ್ಯಾರನ್ನ ನಿಲ್ಲಿಸೀನಿ ನಾನು!"

ಅಂಥ ನಗು ಇದ್ದ ದಿನಗಳೇ ಅವು. ಅದಕ್ಕೇ ಆ ದಿನ ಕೆಂಪು ಚುಕ್ಕೆ ನೋಡಿ ಅವಳು ಕೇಳಿದಾಗ ನನಗೂ ಎಚ್ಚರ ಇರಲಿಲ್ಲ.

"ಕಾಕಾ, ಇದನ್ನ ನೋಡ್ರಿ. ಎಣ್ಣಿಗಿರಣಿ ಸ್ಟಾಪಿನಾಗ ಬಾಗಲಾ ಮುಚ್ಚತೈತಿ. ಕಲ್ಮೇಶ್ವರ ಸರ್ಕಲ್ಲಿಗೆ ಹಸಿರು ಬೇಡತೈತಿ. ನಾವು ಕೊಡತೇವಿ. ಬಸ್ಸು ಬರೂದ ಇಲ್ಲ! ಬಾಗಲಾ ಮತ್ತ ತೆರದಿರತೈತಿ. ಅಡ್ಡರಸ್ತ್ಯಾಗ ನೂರಾ ನಲವತ್ತು ಮಂದಿ ಸುಮ್ಮನ ನಿಂತಿರತಾರ. ಐತವಾರ ಒಂದು ಬಿಟ್ಟು ದಿನಾ ಇದ ಕತಿ. ಬಾಗಲದ ಯಂತ್ರ ನಾಕು ಸಲ ಬದಲಿ ಮಾಡಿಸೇನಿ."

ನನಗೆ ನಗು ಬಂತು. "ಯಂತ್ರ ಕೆಟ್ಟಿಲ್ರಿ. ಅದು ನಮ್ಮ ತಂಗಿ."

ತಂಗಿ ತಿಪ್ಪವ್ವನಿಗೆ ಮೂರು ವರ್ಷವಿದ್ದಾಗ ಪೋಲಿಯೋ ಆಗಿ ಎಡಗಾಲು ಸಣ್ಣಗಾಯಿತು. ಮದುವೆ ಆಗಲಿಲ್ಲ. ದೊಡ್ಡಾಸ್ಪತ್ರೆಯ ಬಾಣಂತಿಯರ ವಾರ್ಡಿನಲ್ಲಿ ಆಯಾ ಆಗಿ ಇಪ್ಪತ್ತೆರಡು ವರ್ಷ. ನನ್ನ ಹೆಂಡತಿ ಹೋದ ಮೇಲೆ ಗಿರಣಿ ಚಾಳದ ಮನೆಯಲ್ಲಿ ಇರುವವರು ನಾವಿಬ್ಬರೇ. ಚಾಳಕ್ಕೂ ಸ್ಟಾಪಿಗೂ ನಡುವೆ ರೈಲು ಗೇಟು. ಗೂಡ್ಸ್ ಡಬ್ಬಿ ಹಿಂದೆ ಮುಂದೆ ಮಾಡಲು ಅದನ್ನು ಆರೂ ಐವತ್ತೈದಕ್ಕೆ ಹಾಕಿದರೆ ಏಳೂ ಇಪ್ಪತ್ತಕ್ಕೇ ತೆಗೆಯುವುದು. ಅದಕ್ಕೂ ಮುಂಚೆ ಹೊರಡೋಣವೆಂದರೆ ನಲ್ಲಿಯ ನೀರು ಬರುವುದು ಆರೂವರೆಗೆ; ನಲವತ್ತು ಮನೆಗೆ ಮೂರು ನಲ್ಲಿ. ನಾನು ಆರಕ್ಕೇ ಕೆಲಸಕ್ಕೆ ಹೋಗುವವನು. ಕಾಲು ಗಟ್ಟಿ ಇದ್ದವರು ಗೇಟಿನ ಕಂಬದ ಕೆಳಗೆ ಬಗ್ಗಿ ನುಸುಳಿ ಸ್ಟಾಪಿಗೆ ಹೋಗಿ ನಿಂತಿರುತ್ತಾರೆ. ತಿಪ್ಪವ್ವ ಬಗ್ಗಲಾರಳು. ಗೇಟು ಏಳುವ ತನಕ ನಿಂತು, ಆಮೇಲೆ ನಡೆದು ಬರುತ್ತಾಳೆ. ಬಸ್ಸು ಅವಳಿಗಾಗಿ ಮತ್ತೊಮ್ಮೆ ಬಾಗಿಲು ತೆರೆಯುತ್ತದೆ.

ನಸ್ರೀನಳಿಗೆ ಇದನ್ನೆಲ್ಲ ಹೇಳಿದೆ. ಹೇಳುವಾಗ ಒಳಗೊಳಗೇ ಹೆಮ್ಮೆಯೂ ಇತ್ತು. ಏಕೆಂದರೆ ಡಿಪೋದ ಹುಡುಗರಿಗೆ ಅದನ್ನು ಕಲಿಸಿದವನು ನಾನೇ. ಬಾಗಿಲು ಮುಚ್ಚಿದ ಮೇಲೆ ಎಡಗಡೆಯ ಕನ್ನಡಿ ಒಂದು ಸಲ ನೋಡಬೇಕು, ಯಾರಾದರೂ ಬರುತ್ತಿದ್ದರೆ ತೆರೆಯಬೇಕು. ನಮ್ಮಲ್ಲಿ ಇದಕ್ಕೆ "ಕನ್ನಡಿ ನೋಡೂದು" ಎಂದಷ್ಟೇ ಹೆಸರು. ಯಾವ ಪುಸ್ತಕದಲ್ಲೂ ಇಲ್ಲದ ಕಾಯಿದೆ. ಹೊಸ ಡ್ರೈವರ್ ಬಂದರೆ ಮೊದಲು ಬ್ರೇಕು, ಎರಡನೆಯದು ಕನ್ನಡಿ.

"ಹಂಗಾದ್ರ ಇದು ಡ್ರೈವರನ ಕಡೆಯಿಂದ ಆಗೂ ತಡಾ," ಎಂದು ಅವಳು ಬೆರಳಾಡಿಸಿ ಏನೋ ಬರೆದುಕೊಂಡಳು. ನಾನು ಹೂಂ ಎಂದೆ.

ಸಂಜೆ ಮನೆಗೆ ಹೋದಾಗ ತಿಪ್ಪವ್ವ ರೊಟ್ಟಿ ಬಡಿಯುತ್ತಿದ್ದಳು. ಆ ದಿನ ವಾರ್ಡಿನಲ್ಲಿ ಅವಳಿಜವಳಿ ಹುಟ್ಟಿದ್ದನ್ನೂ ಅವುಗಳ ಅಜ್ಜಿ ಯಾವುದು ಮೊದಲು ಹುಟ್ಟಿದ್ದು ಎಂದು ಮರೆತು ಅತ್ತದ್ದನ್ನೂ ಹೇಳಿ ನಗಿಸಿದಳು. ನಾನು ಅವಳ ವಿಷಯ ಹೇಳಿಬಂದದ್ದನ್ನು ಹೇಳಲಿಲ್ಲ. ಹೇಳುವಂಥದ್ದೇನು ಅದರಲ್ಲಿ ಎಂದುಕೊಂಡೆ.

ಹದಿನೈದು ದಿನ ಕಳೆದ ಮೇಲೆ ಒಂದು ಭಾನುವಾರ ಗೂಳಪ್ಪ ಮನೆಗೆ ಬಂದ. ಆ ಏಳೂ ಇಪ್ಪತ್ತೆರಡರ ಬಸ್ಸಿನ ಡ್ರೈವರ್, ನನ್ನ ಕೈಯಲ್ಲಿ ಕಲಿತವನು. ಹೊಸ್ತಿಲಲ್ಲೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ಕಾಕಾ, ನಿಮ್ಮ ಬಾಯಿ ಸುಮ್ಮನಿರಬಾರದಿತ್ತೇನ್ರಿ?"

"ಏನಾತೋ?"

"ಏನಾತ ಅಂದ್ರ! ಬಾಗಲಾ ಎರಡನೇ ಸಲಾ ತೆರದ್ರ ಆ ಬಸ್ಸಿಗೆ ಮುಂದಿನ ಮೂರು ಸಿಗ್ನಲ್ದಾಗ ದಾರಿ ಬಿಡಂಗಿಲ್ಲಂತ ಮೊನ್ನಿ ಶುಕ್ರವಾರದಿಂದ ಹಾಕ್ಯಾರ. ಕನ್ನಡಿ ನೋಡಿದ್ದಕ್ಕ ಶಿಕ್ಷಾ ಅದು. ಕಲ್ಮೇಶ್ವರದಾಗ ಕೆಂಪು, ತೂಕದ ಕಟ್ಟ್ಯಾಗ ಕೆಂಪು, ಪ್ಯಾಟಿ ಸಿಗ್ನಲ್ಲಿಗೆ ಕೆಂಪು. ಎಂಟಕ್ಕ ಮುಟ್ಟೂ ಬಸ್ಸು ಎಂಟೂ ಆರಕ್ಕ ಮುಟ್ಟತೈತಿ. ಬಸ್ಸಿನ ಮಂದಿ ನನ್ನ ಅವ್ವ ಅಪ್ಪನ್ನ ನೆನಸ್ಕೋತ ಇಳೀತಾರ. ನನಗ ಎರಡು ಮೆಮೋ ಬಂದಾವ."

ತಿಪ್ಪವ್ವ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದಳು. ಆಸ್ಪತ್ರೆಯಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರವಿತ್ತು. ಎಂಟು ದಾಟಿದರೆ ತಡ. ತಿಂಗಳಿಗೆ ಮೂರು ತಡ ಆದರೆ ಗುತ್ತಿಗೆಯವರು ಹೆಸರು ತೆಗೆಯುತ್ತಿದ್ದರು. ಅವಳಿಗೆ ಎರಡು ಆಗಿದ್ದವು. ನನ್ನ ಮುಂದೆ ಬಾಯಿ ಬಿಟ್ಟಿರಲಿಲ್ಲ.

"ಅಣ್ಣಾ, ನೀ ಹೇಳಿದೇನೋ ಅವರಿಗೆ?"

"ಯಂತ್ರ ಕೆಟ್ಟೈತಿ ಅಂತಿದ್ರವಾ. ಕೆಟ್ಟಿಲ್ಲ ಅಂತ ಹೇಳಿದೆ."

ಅವಳು ಸಿಟ್ಟಾಗಲಿಲ್ಲ. ಕೂತು ಕಾಲನ್ನು ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡಳು. "ಇಪ್ಪತ್ತೆರಡು ವರ್ಷ ಯಾರಿಗೂ ಗೊತ್ತಿರಲಿಲ್ಲಲ್ಲೋ ಇದು. ಮುಚ್ಚಿಡಾಕೂ ಏನಿರಲಿಲ್ಲ. ಹೇಳಾಕೂ ಏನಿರಲಿಲ್ಲ."

ಗೂಳಪ್ಪ ಅವಳ ಮುಖ ನೋಡದೆ ಹೇಳಿದ, "ಅತ್ತೀ, ನಾಳಿಯಿಂದ ನಾ ಕನ್ನಡಿ ನೋಡಂಗಿಲ್ಲ. ನೋಡಿದ್ರ ನಿಲ್ಲಬೇಕಾಗತೈತಿ."

 ಮರುದಿನದಿಂದ ನಾಲ್ಕು ದಿನ ನಾನೇ ನಲ್ಲಿಯ ಮುಂದೆ ಕೊಡ ಹಿಡಿದು ನಿಂತೆ. ಅವಳು ಗೇಟು ಬೀಳುವ ಮುಂಚೆ ದಾಟಿದಳು. ಕಂಟ್ರೋಲ್ ರೂಮಿಗೆ ನಾನು ಮುಟ್ಟುವಾಗ ಮುಂಜಾನೆಯ ಗದ್ದಲ ಮುಗಿದಿರುತ್ತಿತ್ತು. ಐದನೆಯ ದಿನ ಮೇಲಿನವರು, ಬೇಕಾದ ಹೊತ್ತಿಗೆ ಇಲ್ಲದವನು ಯಾಕೆ ಬೇಕು ಎಂದು ಕೇಳಿದರು. ನಾನು ಈ ಕೆಲಸ ಬಿಟ್ಟುಬಿಡುತ್ತೇನೆ ಎಂದರೆ ತಿಪ್ಪವ್ವ ಕೇಳಲಿಲ್ಲ. "ನನ್ನ ಕಾಲಿಗೆ ಎರಡು ನೌಕರಿ ಯಾಕ ಬಲಿ?" ಎಂದಳು.

ಆಗ ನಾನು ಆ ಶಿಕ್ಷೆ ತೆಗೆಯಿರಿ ಎಂದು ನಸ್ರೀನಳನ್ನು ಕೇಳಿದೆ. ಮೂವತ್ತೊಂದು ವರ್ಷದಲ್ಲಿ ಯಾವ ಸಾಹೇಬರ ಹತ್ತಿರವೂ ಏನನ್ನೂ ಕೇಳಿದವನಲ್ಲ.

"ಕಾಕಾ, ಅಡ್ಡರಸ್ತ್ಯಾಗ ನಿಂತಾವ್ರೂ ಮಂದೀನ," ಎಂದಳು. ಮಾತು ಗಡುಸಾಗಿರಲಿಲ್ಲ, ದಣಿದಿತ್ತು. "ನಮ್ಮ ಅಮ್ಮಿ ದಿನಾ ಆ ಅಡ್ಡರಸ್ತ್ಯಾಗ ರಿಕ್ಷಾದಾಗ ಕುಂತಿರತಾಳ, ಉರ್ದು ಸಾಲಿಗೆ ಕಲಸಾಕ ಹೋಗೂಮುಂದ. ಆಕಿದು ಯಾರು ಹೇಳಬೇಕು? ಹುಸಿ ಹಸಿರಿಗೆ ದಂಡ ಹಾಕ್ರಿ ಅಂತ ಮ್ಯಾಲಿಂದ ಹೇಳಿದ್ರು, ಹಾಕಿದೆ. ಲೆಕ್ಕದಾಗ ತಪ್ಪಿಲ್ಲ ಅದು."

"ಲೆಕ್ಕದಾಗ ತಪ್ಪಿಲ್ರಿ," ಎಂದೆ. "ಆದ್ರ ನೂರಾ ನಲವತ್ತು ಮಂದಿ ಒಂದು ಹಿಡಿ ಹೊತ್ತು ಕಾಯತಾರ. ಈಕಿ ಒಬ್ಬಾಕಿ, ಈಕಿದು ಹೊತ್ತಲ್ಲ, ನೌಕರೀನ ಹೋಗತೈತಿ. ಅದನ್ನ ಹೆಂಗ ಕೂಡಸ್ತೀರಿ?"

ಅವಳು ಪರದೆಯ ಕಡೆ ತಿರುಗಿದಳು. ಎರಡು ದಿನ ಆ ಒಂದೇ ಸ್ಟಾಪಿನ ಹಿಂದಿನ ವರ್ಷದ ಬೆಳಗುಗಳನ್ನೆಲ್ಲ ತೆಗೆದು ನೋಡಿದಳು. ಮೂರನೆಯ ದಿನ ಕುರ್ಚಿ ತಿರುಗಿಸಿ ಕರೆದಳು.

"ನಿಮ್ಮ ತಂಗಿ ಗಡಿಯಾರಕಿಂತ ಚಲೋ ನಡೀತಾರ ಕಾಕಾ. ಬಾಗಲಾ ಮುಚ್ಚಿ ಮತ್ತ ತೆರೆಯೂದರ ನಡುವ ದಿನಾ ಹತ್ತೊಂಬತ್ತು ಸೆಕೆಂಡು. ಒಂದು ಹೆಚ್ಚು, ಒಂದು ಕಡಿಮಿ. ಈಗ ಏನು ಮಾಡತೇನಿ ಅಂದ್ರ, ಆ ಸ್ಟಾಪಿನಾಗ, ಆ ಹೊತ್ತಿನಾಗ, ಆ ಬಸ್ಸಿಗೆ ಹತ್ತೊಂಬತ್ತು ಸೆಕೆಂಡು ಬಾಗಲಾ ತೆರದ ಇಡು ಅಂತ ಹೇಳತೇನಿ. ಮುಚ್ಚಿದ ಮ್ಯಾಲೆ ಹಸಿರು ಕೇಳಲಿ. ಆಗ ಅಡ್ಡರಸ್ತೀಗೆ ಮೋಸಿಲ್ಲ. ಮುಂದಿನ ಮೂರೂ ಹಸಿರು ಸಿಗತಾವ. ಎಂಟಕ್ಕ ಐದು ನಿಮಿಷ ಇರೂಮುಂದ ಬಸ್ಸು ಆಸ್ಪತ್ರಿ ಮುಂದ."

ನನಗೆ ಆ ಹುಡುಗಿಯ ಕೈ ಹಿಡಿದುಕೊಳ್ಳಬೇಕು ಎನ್ನಿಸಿತು. ವಯಸ್ಸಾದವನು, ಸುಮ್ಮನೆ ನಿಂತೆ.

"ಒಂದೈತ್ರಿ," ಎಂದಳು. "ಕಾರಣ ತೋರಿಸಬೇಕು."

ಹಿಂದಿನ ವರ್ಷ ಮಂದಿ ದಂಗೆ ಎದ್ದಿದ್ದರು. ಸಿಗ್ನಲ್ಲು ತನ್ನ ಬುದ್ಧಿಯಿಂದ ನಿಲ್ಲಿಸುತ್ತದೆ, ಯಾಕೆ ನಿಲ್ಲಿಸಿತೆಂದು ಹೇಳುವವರಿಲ್ಲ ಎಂದು. ಅದರ ಮೇಲೆ ಕಾಯಿದೆ ಬಂದಿತ್ತು: ಬಸ್ಸನ್ನು ಎಲ್ಲಿ ನಿಲ್ಲಿಸಿದರೂ ಕಾರಣವನ್ನೂ ಹೊತ್ತನ್ನೂ ಡ್ರೈವರನ ತಲೆಯ ಮೇಲಿನ ಬೋರ್ಡಿನಲ್ಲಿ ತೋರಿಸಬೇಕು. "ಅಡ್ಡರಸ್ತೆಗೆ ದಾರಿ" ಎಂದೋ "ಮುಂದೆ ಬಸ್ಸು ಇದೆ" ಎಂದೋ ಬರುತ್ತಿತ್ತು. ಒಳ್ಳೆಯ ಕಾಯಿದೆಯೇ. ನಾನೂ ಅದನ್ನು ಒಪ್ಪಿದ್ದೆ.

"ತೋರಿಸ್ರಿ," ಎಂದೆ. "ಅದರಾಗ ಮುಚ್ಚಿಡೂದೇನೈತಿ."

ಮೇಲಿನವರ ಒಪ್ಪಿಗೆ ಬರಲು ತಿಂಗಳಾಯಿತು; ಅಲ್ಲಿಯ ತನಕ ತಿಪ್ಪವ್ವ ಗೇಟಿನಿಂದ ರಿಕ್ಷಾ ಹಿಡಿದು ಹೋದಳು, ಅರ್ಧ ಪಗಾರ ಅದಕ್ಕೇ ಹೋಯಿತು. ಮಘಾ ಮಳೆಯ ಮೊದಲ ಸೋಮವಾರ ಅದು ಶುರುವಾಯಿತು. ಬಸ್ಸು ನಿಂತಿತು, ತಿಪ್ಪವ್ವ ಬಂದಳು, ಹತ್ತಿದಳು, ಮೂರೂ ಹಸಿರು ಸಿಕ್ಕವು. ಏಳೂ ಐವತ್ತೈದಕ್ಕೆ ಬಸ್ಸು ಆಸ್ಪತ್ರೆಯ ಮುಂದೆ ನಿಂತದ್ದನ್ನು ನಾನು ಪರದೆಯಲ್ಲಿ ನೋಡಿದೆ. ನಸ್ರೀನ್ ಚಹ ತರಿಸಿದಳು. ಒಂದು ತಿಂಗಳಲ್ಲಿ ತಿಪ್ಪವ್ವನಿಗೆ ಒಂದೂ ತಡ ಬೀಳಲಿಲ್ಲ. ಗೂಳಪ್ಪನಿಗೆ ಮೆಮೋ ನಿಂತವು. ಬೇರೆ ಊರಿನವರು ಬಂದು ಇದನ್ನು ನೋಡಿ, ಬರೆದುಕೊಂಡು ಹೋದರು.

ಮನೆಯಲ್ಲಿ ಮಾತ್ರ ತಿಪ್ಪವ್ವ ಬೇರೆಯಾಗಿದ್ದಳು. ವಾರ್ಡಿನ ಕತೆ ಹೇಳುವುದನ್ನು ಬಿಟ್ಟಿದ್ದಳು. ಸಂಜೆ ಬಂದವಳೇ ಬಾಗಿಲ ಮುಂದಿನ ಕಟ್ಟೆಯಿಂದ ನೀರಿನ ನಲ್ಲಿಯ ತನಕ ನಡೆಯುತ್ತಿದ್ದಳು, ತಿರುಗಿ ಬರುತ್ತಿದ್ದಳು, ಮತ್ತೆ ನಡೆಯುತ್ತಿದ್ದಳು. ಕಾಲಿನ ಹಿಮ್ಮಡ ಸುಲಿದು ಹೋಗಿತ್ತು.

"ಏನ ನಡಿಸಿದೀಯವಾ ಇದು?"

"ಸುಮ್ನ. ರೂಢಿ ಇರಲಿ ಅಂತ."

ನನಗೆ ತಿಳಿಯಲಿಲ್ಲ. ಒಂದು ಶನಿವಾರ ರಜೆ ಹಾಕಿ ನಾನೂ ಆ ಬಸ್ಸು ಹತ್ತಲು ಹೋದೆ. ಗೇಟು ಬೀಳುವ ಮುಂಚೆಯೇ ದಾಟಿ ಹಿಂದಿನ ಸ್ಟಾಪಿಗೆ ನಡೆದು, ಅಲ್ಲಿ ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ.

ಎಣ್ಣಿಗಿರಣಿ ಸ್ಟಾಪಿನಲ್ಲಿ ಬಸ್ಸು ನಿಂತಿತು. ಮಂದಿ ಹತ್ತಿದರು. ಬೋರ್ಡಿನ ಮೇಲೆ ಅಕ್ಷರ ಬಂದವು: "ನಿಧಾನ ಪ್ರಯಾಣಿಕರಿಗಾಗಿ. ಕಾಯುತ್ತಿರುವವರು 63." ಅದರ ಕೆಳಗೆ ದೊಡ್ಡದಾಗಿ 19. ಆಮೇಲೆ 18. 17.

ಅರವತ್ತಮೂರು ತಲೆ ಬೋರ್ಡು ನೋಡಿದವು, ಆಮೇಲೆ ಎಲ್ಲವೂ ಎಡಗಡೆಗೆ ತಿರುಗಿದವು. ಗೇಟಿನ ಕಡೆಯಿಂದ ತಿಪ್ಪವ್ವ ಬರುತ್ತಿದ್ದಳು. ಅವಳು ನಡೆಯುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಿಂದ ತೊಡೆ ಒತ್ತಿಹಿಡಿದು, ಓಡುವವರ ಹಾಗೆ ಬರುತ್ತಿದ್ದಳು.

ಮೊದಲು ನಾನು ಬಸ್ಸು ಓಡಿಸುವಾಗಲೂ ಅವಳು ಹತ್ತಿದರೆ ಬಸ್ಸಿನ ಮಂದಿ ಮಾತಾಡುತ್ತಿದ್ದರು. "ಬಂದ್ರಪಾ ಮಹಾರಾಣಿಯವರು, ಇನ್ನ ಬಿಡು ಬಸ್ಸು" ಎಂದು ಯಾರಾದರೂ ಅಂದರೆ, "ನನ್ನ ಬಿಟ್ಟು ನಿಮ್ಮ ರಾಜ್ಯ ನಡೀತೈತೇನು?" ಎಂದು ತಿಪ್ಪವ್ವನೂ ಬಿಡುತ್ತಿರಲಿಲ್ಲ. ಬೈಗುಳವೂ ಇರುತ್ತಿತ್ತು, ಸೀಟೂ ಸಿಗುತ್ತಿತ್ತು. ಎಷ್ಟು ಹೊತ್ತು ನಿಂತಿತ್ತು ಎಂದು ಯಾರಿಗೂ ಗೊತ್ತಿರಲಿಲ್ಲ. ಡ್ರೈವರ್ ಬೀಡಿ ಆರಿಸಿದನೆಂದೋ ಗೇರು ಬೀಳಲಿಲ್ಲವೆಂದೋ ಅಂದುಕೊಳ್ಳುತ್ತಿದ್ದರು.

ಈಗ ಬಸ್ಸಿನಲ್ಲಿ ಸದ್ದಿರಲಿಲ್ಲ. 12. 11. ಮುಂದಿನ ಸೀಟಿನ ಒಬ್ಬ, ಕೈಚೀಲ ತೊಡೆಯ ಮೇಲಿಟ್ಟುಕೊಂಡವನು, ಪಕ್ಕದವನಿಗೆ ಹೇಳಿದ, "ನಿನ್ನೆ ಆರು ಉಳಿದಾಗ ಹತ್ತಿದ್ಲು. ಇವತ್ತ ನೋಡು, ಎಂಟಕ್ಕ ಹತ್ತತಾಳ." ಅವನ ದನಿಯಲ್ಲಿ ಕೇಡಿರಲಿಲ್ಲ. ಎತ್ತಿನ ಓಟ ನೋಡುವವರ ಆಸೆ ಇತ್ತು.

ತಿಪ್ಪವ್ವ ಮೆಟ್ಟಿಲ ಕಂಬಿ ಹಿಡಿದಾಗ ಬೋರ್ಡು 8 ತೋರಿಸಿತು.

ಬಸ್ಸಿನ ತುಂಬ ಚಪ್ಪಾಳೆ ಬಿತ್ತು.

ಗೂಳಪ್ಪ ಸ್ಟೇರಿಂಗಿನ ಮೇಲೆ ಕಣ್ಣಿಟ್ಟು ಕೂತಿದ್ದ. ಕನ್ನಡಿಯ ಕಡೆ ನೋಡುವ ಕೆಲಸ ಅವನಿಗೆ ಇರಲಿಲ್ಲ. ಹೆಣ್ಣುಮಗಳೊಬ್ಬಳು ಎದ್ದು "ಕುಂದರ್ರಿ ಆಯಾ" ಎಂದಳು. ತಿಪ್ಪವ್ವ ಕೂರಲಿಲ್ಲ. ಎದೆ ಏರಿಳಿಯುತ್ತಿತ್ತು. ಎಲ್ಲರಿಗೂ ನಗುಮುಖ ತೋರಿಸಿದಳು. ಹಿಂದೆ ಕೂತಿದ್ದ ನನ್ನನ್ನು ಕಂಡಾಗ ಆ ನಗು ಹಾಗೇ ಇತ್ತು, ತೆಗೆಯಲು ಅವಳಿಗೆ ಆಗಲಿಲ್ಲ. ಆ ಮುಖವನ್ನು ನಾನು ಮರೆಯಬೇಕೆಂದರೂ ಆಗಿಲ್ಲ.

ಆಸ್ಪತ್ರೆಯ ಮುಂದೆ ಅವಳ ಜೊತೆ ಇಳಿದೆ.

"ಚಪ್ಪಾಳಿ ಹೊಡೀತಾರಣ್ಣಾ," ಎಂದಳು. "ಬೈದ್ರ ತಿರುಗಿ ಬೈಬಹುದು. ಚಪ್ಪಾಳಿಗೆ ಏನನ್ನಬೇಕು?"

"ಬೋರ್ಡು ತೆಗಸ್ತೇನವಾ. ಮೇಡಂಗ ಹೇಳತೇನಿ."

"ತೆಗಸಿದ್ರ ಅವರಿಗೆ ಗೊತ್ತಿಲ್ಲೇನು ಈಗ? ಅರವತ್ಮೂರು ಮಂದಿ ಹತ್ತೊಂಬತ್ತು ಸೆಕೆಂಡು ನನಗ ಕೊಡತಾರ. ದಿನಾ ಕೊಡತಾರ. ಮೊದಲ ಗೂಳಪ್ಪ ಒಬ್ಬ ಕೊಡತಿದ್ದ. ಅವಂದು ನನಗ ಭಾರ ಆಗತಿದ್ದಿಲ್ಲ." ಹಾಜರಿಯ ಯಂತ್ರದ ಕಡೆ ನೋಡಿದಳು. ಇನ್ನೂ ನಾಲ್ಕು ನಿಮಿಷವಿತ್ತು. ಒಳಗೆ ಹೋದಳು.

ಸೋಮವಾರ ಅವಳು ಗೇಟಿನ ಕಡೆ ಹೋಗಲಿಲ್ಲ. ಶನಿವಾರ ಸಂಜೆಯೇ ಗುತ್ತಿಗೆಯವನಿಗೆ ಬರುವುದಿಲ್ಲವೆಂದು ಹೇಳಿ ಬಂದಿದ್ದಳಂತೆ. ಹೊಳೆಆಲೂರಿನಲ್ಲಿ ನಮ್ಮ ಚಿಕ್ಕವ್ವನ ಮಗಳ ಮನೆ ಇದೆ. ಅವರ ಬೀದಿಯಲ್ಲೇ ಒಂದು ಸಣ್ಣ ಹೆರಿಗೆ ಆಸ್ಪತ್ರೆ, ಹತ್ತು ಮನೆ ದಾಟಿದರೆ ಮುಟ್ಟಬಹುದು. ಅಲ್ಲಿಗೆ ಹೋಗಿ ಇರುತ್ತೇನೆ, ಕೆಲಸ ಕೊಟ್ಟರೂ ಕೊಟ್ಟಾರು, ಇಲ್ಲದಿದ್ದರೆ ಇಲ್ಲ ಎಂದಳು. ನಾನೂ ಬರುತ್ತೇನೆ ಎಂದೆ. "ನೀ ಯಾಕ ಬರತಿ? ನಿನ್ನ ಕಾಲು ನೆಟ್ಟಗದಾವ" ಎಂದಳು. ಬೈಗುಳವಲ್ಲ ಅದು. ಆದರೂ ನಾನು ಮತ್ತೆ ಕೇಳಲಿಲ್ಲ.

ನಸ್ರೀನಳಿಗೆ ಹೇಳಿದೆ. ಅವಳು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು.

"ನಾ ಏನು ತಪ್ಪು ಮಾಡಿದೆ ಕಾಕಾ?"

"ನೀವು ಮಾಡಿಲ್ರಿ. ಕನ್ನಡಿಯೊಳಗಿನ ಮಾತು ಹೊರಗ ತಂದಾವ ನಾನು."

ಕೊಟ್ಟ ಹತ್ತೊಂಬತ್ತು ಸೆಕೆಂಡನ್ನು ತೆಗೆಯಬೇಕೆಂದರೂ ಮೇಲಿನವರ ಒಪ್ಪಿಗೆ ಬೇಕಿತ್ತು. ಅದಕ್ಕೆ ಒಂದು ತಿಂಗಳು ಹಿಡಿಯುತ್ತದೆ ಎಂದಳು. ಮಂಗಳವಾರ, ಬುಧವಾರ ಬಸ್ಸು ಹಾಗೇ ನಿಂತಿತು. ಬೋರ್ಡು ಹತ್ತೊಂಬತ್ತರಿಂದ ಸೊನ್ನೆಯ ತನಕ ಎಣಿಸಿತಂತೆ. ಬುಧವಾರ ಕಂಟ್ರೋಲ್ ರೂಮಿಗೆ ಒಬ್ಬರು ಫೋನ್ ಮಾಡಿದರು. ನಾನೇ ಎತ್ತಿದೆ.

"ಯಾರೂ ಇಲ್ರೀ ಇಲ್ಲಿ. ಯಾರ ಸಲುವಾಗಿ ನಿಲ್ಲಿಸಿರಿ ನಮ್ಮನ್ನ?"

ಬರೆದುಕೊಂಡಿದ್ದೇನೆ, ಮೇಲಿನವರಿಗೆ ತಿಳಿಸುತ್ತೇನೆ ಎಂದು ಹೇಳಿ ಇಟ್ಟೆ.

ಮರುದಿನ ನಾನು ರಜೆ ಹಾಕಿದೆ. ಎರಡು ಚೀಲ, ಒಂದು ಹಾಸಿಗೆ ಸುರುಳಿ. ಪ್ಯಾಸೆಂಜರ್ ಗಾಡಿ ಮಧ್ಯಾಹ್ನದ್ದು. ಸ್ಟೇಷನ್ನಿಗೆ ಹಳಿಯ ಪಕ್ಕದ ದಾರಿಯಲ್ಲಿ ಹೋದರೆ ಹತ್ತಿರ. ಹತ್ತಿರವೆಂದರೂ ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ನಡುನಡುವೆ ನಿಂತಳು. ನಾನೂ ನಿಂತೆ. ಗಾಡಿ ತನ್ನ ಹೊತ್ತಿಗೆ ಬಂತು, ತನ್ನ ಹೊತ್ತಿಗೆ ಬಿಟ್ಟಿತು. ತಿಪ್ಪವ್ವ ಊರು ಬಿಟ್ಟದ್ದು ಹಸ್ತಾ ಮಳೆಯ ಐದನೆಯ ದಿನ, ಗುರುವಾರ.